ಶಾರ್ಪ್ ಪಾರ್ಕ್: ಬಡವರ ಜೇಬಿಗೆ ಮೆಕೆಂಝಿ ಗಾಲ್ಫ್ ಕೋರ್ಸು

ಬೆಂಗಳೂರಲ್ಲಿದ್ದಾಗ ಗಾಲ್ಫ್ ಅಂದರೆ ನನಗೆ ಸ್ಯಾಂಕಿ ರಸ್ತೆಯ ಗಾಲ್ಫ್ ಕ್ಲಬ್ಬಿನ ಬೇಲಿ ಮಾತ್ರ. ಬಸ್ಸು ಟ್ರಾಫಿಕ್ಕಲ್ಲಿ ನಿಂತರೆ ಸಂದಿಯಲ್ಲಿ ಒಂದಿಷ್ಟು ಹಸಿರು ಕಾಣುತ್ತಿತ್ತು, ಅಷ್ಟೇ. ಈಗ ಕ್ಯಾಲಿಫೋರ್ನಿಯಾದ ಪೆಸಿಫಿಕಾದಲ್ಲಿರುವ ಶಾರ್ಪ್ ಪಾರ್ಕ್ ಗಾಲ್ಫ್ ಕೋರ್ಸಿಗೆ ಆಗಾಗ ಹೋಗುತ್ತೇನೆ. ಕೋರ್ಸು ಸ್ಯಾನ್ ಫ್ರಾನ್ಸಿಸ್ಕೋ ನಗರದ್ದು, ಇರೋದು ಮಾತ್ರ ಪಕ್ಕದ ಊರಲ್ಲಿ. ಮೆಂಬರ್‌ಶಿಪ್ ಬೇಡ, ಯಾರ ಶಿಫಾರಸೂ ಬೇಡ. ಟೀ ಟೈಮ್, ಅಂದರೆ ಆಟ ಶುರುಮಾಡುವ ಹೊತ್ತು, ಬುಕ್ ಮಾಡಿದರೆ ಆಯಿತು.

ಇದೇ ಕ್ಯಾಲಿಫೋರ್ನಿಯಾದ ಹೆಸರಾಂತ ಕೋರ್ಸು ಪೆಬಲ್ ಬೀಚಿನಲ್ಲಿ ಒಂದು ರೌಂಡಿಗೆ 600 ಡಾಲರ್ ದಾಟುತ್ತದೆ. ಇಲ್ಲಿ ವಾರದ ದಿನ ಅದರ ಹತ್ತನೇ ಒಂದು ಭಾಗದ ಆಸುಪಾಸು. ಸಂಜೆ ಹೊತ್ತಿಗೆ ಇನ್ನೂ ಕಮ್ಮಿ, ನಗರದ ನಿವಾಸಿಗಳಿಗೂ ಕಮ್ಮಿ. ಅಗ್ಗ ಅಂತ ಸುಮ್ನೆ ಹುಲ್ಲುಗಾವಲು ಅಂದುಕೊಳ್ಳಬೇಡಿ. ಇದನ್ನು ರೂಪಿಸಿದ್ದು ಅಲಿಸ್ಟರ್ ಮೆಕೆಂಝಿ, ಮಾಸ್ಟರ್ಸ್ ಪಂದ್ಯಾವಳಿ ನಡೆಯುವ ಆಗಸ್ಟಾ ನ್ಯಾಷನಲ್ ಕೋರ್ಸನ್ನು ರೂಪಿಸಿದವರಲ್ಲಿ ಒಬ್ಬ. ಶಾರ್ಪ್ ಪಾರ್ಕ್ ಶುರುವಾದದ್ದು 1932ರಲ್ಲಿ. ಅವನು ಮೂಲತಃ ಡಾಕ್ಟರು, ಬೋಯರ್ ಯುದ್ಧದಲ್ಲಿ ಶತ್ರುಗಳು ಮರೆಯಾಗಿ ಕೂರುವ ರೀತಿ ನೋಡಿ ಕಲಿತದ್ದನ್ನು ಕೋರ್ಸುಗಳಿಗೆ ತಂದ ಅಂತಾರೆ. ಅಂಥವನ ಕೋರ್ಸಲ್ಲಿ ನನ್ನಂಥವನು ಒಂದು ರೌಂಡಿಗೆ 112 ಹೊಡೆತ ತಗೊಂಡು, ಅಂದರೆ ತೀರಾ ಕಳಪೆ ಆಡಿ, ಮನೆಗೆ ಬರಬಹುದು, ಯಾರೂ ಏನೂ ಅನ್ನಲ್ಲ!

ಕಳೆದ ಸಲ ಒಬ್ಬನೇ ಹೋಗಿದ್ದೆ, ಮೂವರು ರಿಟೈರ್ಡ್ ಅಜ್ಜಂದಿರ ಗುಂಪಿಗೆ ಸೇರಿಸಿದರು. ಮೂವರೂ ಮೋಟಾರು ಕಾರ್ಟ್ ತೆಗೆದುಕೊಳ್ಳದೆ ಬ್ಯಾಗಿನ ಪುಟ್ಟ ಗಾಡಿ ಎಳೆದುಕೊಂಡು ನಡೆದರು, ನಾನು ಬ್ಯಾಗ್ ಹೆಗಲಿಗೆ ಹಾಕಿಕೊಂಡು ಹಿಂದೆ ಹಿಂದೆ. ನಾಲ್ಕು ಹೋಲ್‌ಗಳು ಹೈವೇ ಆಚೆ ಇವೆ, ರಸ್ತೆ ಕೆಳಗಿನ ಸುರಂಗದಲ್ಲಿ ದಾಟಬೇಕು. ಅಲ್ಲಿ ಗಾಳಿ ಅಷ್ಟಿಲ್ಲ, ನಾನೂ ಸ್ವಲ್ಪ ಬೀಗಿದೆ. ವಾಪಸ್ ಸಮುದ್ರದ ಕಡೆ ಬಂದಮೇಲೆ ಶುರುವಾಯಿತು ನೋಡಿ. ಒಡ್ಡಿನ ಆಚೆ ಅಲೆ ಅಪ್ಪಳಿಸುವ ಸದ್ದು ಕೇಳುತ್ತಿದೆ, ಮಂಜು ಒಳಗೆ ಬರುತ್ತಿದೆ, ನಾನು ಏಳನೇ ಐರನ್‌ನಲ್ಲಿ (ಲೋಹದ ತಲೆಯ ಗಾಲ್ಫ್ ಕೋಲು) ಚೆನ್ನಾಗೇ ಹೊಡೆದ ಚೆಂಡು ಮೇಲೆ ಹೋಗಿ, ಅಲ್ಲೇ ಒಂದು ಕ್ಷಣ ಯೋಚಿಸಿದ ಹಾಗೆ ನಿಂತು, ಎಡಕ್ಕೆ ವಾಲಿ ಬಂಕರಿನಲ್ಲಿ, ಅಂದರೆ ಮರಳಿನ ಗುಂಡಿಯಲ್ಲಿ, ಕೂತಿತು. ಅಜ್ಜನೊಬ್ಬ ಐದನೇ ಐರನ್ ತೆಗೆದು ಚೆಂಡನ್ನು ಮೊಣಕಾಲಿನಷ್ಟು ಎತ್ತರದಲ್ಲಿ ಓಡಿಸಿ ಗ್ರೀನ್, ಅಂದರೆ ಗುಳಿ ಸುತ್ತಲಿನ ನುಣುಪು ಹುಲ್ಲಿನ, ಮೇಲೆ ಬಿಟ್ಟ. ಗಾಳಿ ಜೊತೆ ಜಗಳ ಬೇಡ ಅಂತ ಅವನು ಆವತ್ತು ಬಾಯಿಬಿಟ್ಟು ಹೇಳಲಿಲ್ಲ, ನಕ್ಕ ಅಷ್ಟೇ.

ನನ್ನ ಮುಂದಿನ ಚೆಂಡು ಕೋರ್ಸಿನೊಳಗಿನ ಜೌಗು ಕೊಳ ಲಗೂನಾ ಸಲಾಡಾ ಕಡೆಯ ಜೊಂಡಿಗೆ ಹೋಯಿತು. ಹುಡುಕಲು ಇಳಿಯಬೇಡಿ. ಅದು ಕೆಂಪು ಕಾಲಿನ ಕಪ್ಪೆ ಮತ್ತು ಸ್ಯಾನ್ ಫ್ರಾನ್ಸಿಸ್ಕೋ ಗಾರ್ಟರ್ ಹಾವಿನ ಜಾಗ, ಎರಡಕ್ಕೂ ಕಾನೂನಿನ ರಕ್ಷಣೆ ಇದೆ. ಈ ಕಪ್ಪೆಗಳಿಗಾಗಿ ಕೋರ್ಸನ್ನೇ ಮುಚ್ಚಿ ಅಂತ ಕೋರ್ಟ್ ಮೆಟ್ಟಿಲು ಹತ್ತಿದವರೂ ಇದ್ದಾರೆ. ನನಗೆ ಎರಡೂ ಕಡೆಯವರ ಮಾತೂ ಸರಿ ಅನ್ನಿಸುತ್ತದೆ, ಚೆಂಡು ಹೋದ ಸಂಕಟ ಬೇರೆ.

ತಗ್ಗು ಜಾಗ, ಆದ್ದರಿಂದ ಜೋರು ಮಳೆ ಬಂದ ವಾರ ನೀರು ನಿಲ್ಲುತ್ತದೆ, ಆಗ ಹೋಗೋದು ಬೇಡ. ಬೇಸಿಗೆಯಲ್ಲೂ ಸ್ವೆಟರ್ ಮರೆಯಬೇಡಿ. ಹಳೇ ಚೆಂಡು ಒಂದು ಡಜನ್ ಇರಲಿ, ಹೊಸ ಬ್ರಾಂಡೆಡ್ ಚೆಂಡನ್ನು ಕಪ್ಪೆಗೆ ಕೊಡೋದಕ್ಕೆ ಮನಸ್ಸು ಬರಲ್ಲ ಅಲ್ವಾ.