ನೀವ್ ಇಡುವುದೋ, ಮೇವ್ ಇಡುವುದೋ?

ಬಾಸ್ಟನ್ನಲ್ಲೋ ಸಿಡ್ನಿಯಲ್ಲೋ ಇದ್ದುಕೊಂಡು ಮಗಳಿಗೆ ಐರಿಷ್ ಹೆಸರು ಹುಡುಕುವವರಿಗೆ ಅರ್ಥಕ್ಕಿಂತ ಕಾಗುಣಿತದ್ದೇ ದೊಡ್ಡ ತಲೆನೋವು.

'ನೀವ್' ಅಂದರೆ ಹೊಳಪು. ವೀರ ಒಷೀನನನ್ನು ಚಿರಯೌವನದ ನಾಡಿಗೆ ಕುದುರೆಯ ಮೇಲೆ ಕರೆದೊಯ್ದ ಪುರಾಣದ ಚೆಲುವೆ ಇವಳೇ. (ಕನ್ನಡದ ಕಿವಿಗೆ 'ನೀವು' ಎಂದೇ ಕೇಳಿಸುತ್ತದೆ, ಹುಟ್ಟಿನಿಂದಲೇ ಬಹುವಚನದ ಮರ್ಯಾದೆ!) ಆದರೆ ಬರೆಯುವುದು ಎನ್‌-ಐ-ಎ-ಎಂ-ಎಚ್. ಐರಿಷ್‌ನಲ್ಲಿ 'ಎಂಎಚ್' ಸೇರಿದರೆ 'ವ' ಎಂಬುದು ಹೊರಗಿನ ಮೇಷ್ಟ್ರಿಗೆ ಹೊಳೆಯದು. ಹಾಜರಿ ಕೂಗುವಾಗ 'ನಿಯಾಮ್' ಆಗುತ್ತಾಳೆ.

'ಮೇವ್' ಐರ್ಲೆಂಡಿನ ಕೊನಾಕ್ಟ್ ಪ್ರಾಂತ್ಯದ, ಪುರಾಣದ ಗಟ್ಟಿಗಿತ್ತಿ ರಾಣಿಯ ಹೆಸರು. ಮೂಲದಲ್ಲಿ 'ಮೇಯ್ವ್' ಎಂಬಂತಹ ಉಚ್ಚಾರ, ಕಾಗುಣಿತವೂ ಬೇರೆ. ಇಂಗ್ಲಿಷಿಗೆ ಒಗ್ಗಿಸಿದ ರೂಪವನ್ನು ಯಾರು ಬೇಕಾದರೂ ಓದುತ್ತಾರೆ. ಕಳೆದುಕೊಳ್ಳುವುದು ಐರಿಷ್ ಬರವಣಿಗೆಯ ಚಹರೆ.

'ಸೀರ್ಷ', ಅಂದರೆ ಸ್ವಾತಂತ್ರ್ಯ, ನಟಿ ಸೀರ್ಷ ರೋನನ್‌ಳಿಂದ ಪರಿಚಿತ. ಆದರೂ ಕಾಗುಣಿತ ನೀವ್‌ಗಿಂತ ಕಠಿಣ.

ಗಂಡುಮಗುವಾದರೆ ಲಿಯಮ್ ಸಲೀಸು. 'ಶಾನ್' ಇಡುವವರು 'ಎ' ಮೇಲಿನ ಗೀಟು ಬಿಡಬೇಡಿ; ಗೀಟಿಲ್ಲದ ಆ ಪದಕ್ಕೆ ಐರಿಷ್‌ನಲ್ಲಿ 'ಮುದಿ' ಎಂದರ್ಥ.

ನನ್ನ ಓಟು ನೀವ್‌ಗೆ. ತಿದ್ದಿ ಹೇಳುವ ತಾಳ್ಮೆ ಇಲ್ಲದವರು ಮೇವ್ ಇಡಿ.