ಬಾಕ್ಸರ್‌ಗಳ ಮೈಲಿ ಓಟ: ನಿಧಾನದ ಓಟವೋ, ನಾನೂರರ ಸುತ್ತುಗಳೋ, ಮೂರು ನಿಮಿಷದ ರೌಂಡೋ?

ಮೈಲಿ ಅಂದರೆ 1609 ಮೀಟರ್. 400 ಮೀಟರ್ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು, ಮೇಲೆ ಒಂಬತ್ತು ಮೀಟರ್ ಚಿಲ್ಲರೆ. ಬಾಕ್ಸಿಂಗ್ ಮಾಡುವವರ ಮೈಲಿ ಕೆಡುವುದು ಹೆಚ್ಚಾಗಿ ಮೂರನೇ ಸುತ್ತಿನಲ್ಲಿ. ಮೊದಲ ಸುತ್ತು ಹುರುಪಿನಲ್ಲಿ ಓಡಿಹೋಗುತ್ತದೆ, ಕೊನೆಯದು ಹಠದಲ್ಲಿ ಮುಗಿಯುತ್ತದೆ. ಮೂರನೆಯದಕ್ಕೆ ಹುರುಪೂ ಇಲ್ಲ, ಹಠವೂ ಇಲ್ಲ.

ಅದಕ್ಕೇ ಯಾವ ಅಭ್ಯಾಸ ಒಳ್ಳೆಯದು ಎಂದು ಕೇಳುವ ಮೊದಲು ಒಂದು ಮೈಲಿ ಓಡಿ, ಪ್ರತಿ ಸುತ್ತಿನ ಸಮಯ ಬರೆದಿಡಬೇಕು. ಒಬ್ಬರ ಮೈಲಿ 7 ನಿಮಿಷ 20 ಸೆಕೆಂಡ್ ಎಂದಿಟ್ಟುಕೊಳ್ಳಿ. ಸುತ್ತುಗಳು 100, 110, 118, 110 ಸೆಕೆಂಡ್ ಬಂದಿದ್ದರೆ ಮೊದಲ ದೋಷ ದಮ್ಮಿನದಲ್ಲ, ಲೆಕ್ಕದ್ದು. ಅದೇ ಮೈಲಿಯನ್ನು ಸಮನಾಗಿ ಓಡಿದ್ದರೆ ಸುತ್ತಿಗೆ ಸುಮಾರು 109 ಸಾಕಿತ್ತು. ಮೊದಲ ಸುತ್ತನ್ನು 108ಕ್ಕೆ ಹಿಡಿದು ಓಡಿದರೆ ಯಾವ ಹೊಸ ಅಭ್ಯಾಸವೂ ಇಲ್ಲದೆ ಕೆಲವು ಸೆಕೆಂಡ್ ಇಳಿಯುವುದುಂಟು. ಹಿತವಾಗಿ ಶುರುಮಾಡಿದ ಮೇಲೂ ಮೂರನೇ ಸುತ್ತು ಜಾರಿದರೆ ದಮ್ಮು ಸಾಲದು. ನಾಲ್ಕೂ ಸುತ್ತು ಸಮನಾಗಿದ್ದು, ಅದಕ್ಕಿಂತ ಜೋರಾಗಿ ಕಾಲು ಏಳುವುದೇ ಇಲ್ಲವೆಂದರೆ ವೇಗ ಸಾಲದು. ಕೆಳಗಿನ ಆಯ್ಕೆಗಳನ್ನೆಲ್ಲ ಓಡಿ ನೋಡಿದ ಮೇಲೆ ನಮಗೆ ಉಳಿದ ಅಭಿಪ್ರಾಯ ಇಷ್ಟು: ಯಾವುದು ಮೇಲು ಎನ್ನುವುದನ್ನು ಈ ಸುತ್ತಿನ ಸಮಯಗಳೇ ಹೇಳುತ್ತವೆ.

ಬಾಕ್ಸರ್‌ಗಳ ಹಳೆಯ ಕಟ್ಟಳೆ ಬೆಳಗಿನ ನಿಧಾನದ ಓಟ, 40ರಿಂದ 50 ನಿಮಿಷ. ಇದರಿಂದ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳಲು ಕಲಿಯುತ್ತದೆ, ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳು ಹೆಚ್ಚುತ್ತವೆ. ಓಟಕ್ಕೆ ಹೊಸಬರಾದರೆ ಮೊದಲ ಆರೆಂಟು ವಾರ ಇದೊಂದರಿಂದಲೇ ಮೈಲಿಯ ಸಮಯ ಇಳಿಯುತ್ತದೆ. ಆಮೇಲೆ ನಿಂತುಬಿಡುತ್ತದೆ, ಯಾಕೆಂದರೆ ಮೈಲಿಯ ವೇಗದಲ್ಲಿ ಕಾಲು ಎಂದೂ ಓಡಿಲ್ಲ. ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ: ನಿಧಾನವೂ ಅಲ್ಲದ, ಜೋರೂ ಅಲ್ಲದ ನಡುವಿನ ವೇಗದಲ್ಲಿ ದಿನವೂ ಓಡುವುದು. ಅದರಿಂದ ಜೊತೆಗಾರರೊಡನೆ ಗುದ್ದಾಡಿ ಅಭ್ಯಾಸ ಮಾಡುವ ಸಂಜೆಯ ಸ್ಪಾರಿಂಗ್‌ಗೆ ಕಾಲು ಭಾರ, ಮೈಲಿಗೆ ಲಾಭ ಕಡಿಮೆ. ಪಕ್ಕದವರೊಡನೆ ಪೂರ್ತಿ ವಾಕ್ಯ ಮಾತಾಡಲು ಆಗದಿದ್ದರೆ ಅದು ನಿಧಾನದ ಓಟವಲ್ಲ. ಬೆವರಿಳಿಸುವ ಪ್ಲಾಸ್ಟಿಕ್ ಅಂಗಿ ತೊಟ್ಟು ಓಡುವುದರಿಂದ ಇಳಿಯುವುದು ನೀರಿನ ತೂಕ, ಕೊಬ್ಬಿನದಲ್ಲ. ಮೈ ಕಾದು ವೇಗವೂ ಬೀಳುತ್ತದೆ.

ಇದರ ಎದುರಿಗೆ 400 ಮೀಟರ್ ಪುನರಾವರ್ತನೆ. ಗಡಿಯಾರದ ಸಮಯ ಇಳಿಸುವುದೇ ಗುರಿಯಾದರೆ ಇದರಷ್ಟು ನೇರ ದಾರಿ ಬೇರೆಯಿಲ್ಲ. 1954ರಲ್ಲಿ ಮೊದಲ ಬಾರಿಗೆ ನಾಲ್ಕು ನಿಮಿಷದೊಳಗೆ ಮೈಲಿ ಮುಗಿಸಿದ ರೋಜರ್ ಬ್ಯಾನಿಸ್ಟರ್ ನೆಚ್ಚಿಕೊಂಡದ್ದೂ ಕಾಲು ಮೈಲಿಯ ಪುನರಾವರ್ತನೆಗಳನ್ನೇ. ಗುರಿ 7 ನಿಮಿಷವಾದರೆ ಒಂದು ಸುತ್ತಿಗೆ 104ರಿಂದ 105 ಸೆಕೆಂಡ್. ಹದಿನೈದು ನಿಮಿಷ ಮೈ ಬಿಸಿಮಾಡಿಕೊಂಡು, ಆ ವೇಗದಲ್ಲಿ ಆರು ಸುತ್ತು, ನಡುವೆ 90 ಸೆಕೆಂಡ್ ನಡಿಗೆ. ಎರಡು ವಾರ ಇದು ಸಲೀಸಾದ ಮೇಲೆ ವೇಗ ಹೆಚ್ಚಿಸುವ ಆಸೆ ಬರುತ್ತದೆ, ಅದನ್ನು ತಡೆಯಬೇಕು. ವೇಗ ಅಷ್ಟೇ ಇರಲಿ, ವಿಶ್ರಾಂತಿಯನ್ನು 75ಕ್ಕೆ, ಆಮೇಲೆ 60ಕ್ಕೆ ಇಳಿಸಿ. ಮೈಲಿಯಲ್ಲಿ ಸುತ್ತುಗಳ ನಡುವೆ ವಿಶ್ರಾಂತಿಯೇ ಇಲ್ಲವಲ್ಲ, ಅಭ್ಯಾಸ ಅದರ ಹತ್ತಿರಕ್ಕೆ ಹೋಗಬೇಕು. ಮೊದಲೆರಡನ್ನು 95ಕ್ಕೆ ಓಡಿ ಕೊನೆಯೆರಡನ್ನು 112ಕ್ಕೆ ಎಳೆದವರು ಮೈಲಿಯ ತಪ್ಪನ್ನೇ ಅಭ್ಯಾಸ ಮಾಡಿದಂತಾಯಿತು. ಗುರಿಗಿಂತ ಮೂರು ಸೆಕೆಂಡ್ ಹಿಂದೆ ಬಿದ್ದರೆ ಅಂದಿಗೆ ಅಷ್ಟಕ್ಕೇ ನಿಲ್ಲಿಸಬೇಕು.

ಆದರೆ ರಿಂಗಿಗೆ ಇದು ಅರ್ಧ ಮಾತ್ರ ಒದಗುತ್ತದೆ. ರೌಂಡ್ ಮೂರು ನಿಮಿಷದ್ದು, 105 ಸೆಕೆಂಡಿನದಲ್ಲ. ವಿರಾಮ ಒಂದೇ ನಿಮಿಷ.

ಹಾಗಾಗಿ ನಮ್ಮ ಒಲವು ಮೂರನೇ ಆಯ್ಕೆಯ ಕಡೆಗೆ: ಮೂರು ನಿಮಿಷ ಓಟ, ಒಂದು ನಿಮಿಷ ನಡಿಗೆ, ಐದು ಸಲ. ಜಿಮ್ಮಿನ ರೌಂಡ್ ಟೈಮರನ್ನೇ ಫೋನಿನಲ್ಲಿ ಹಾಕಿಕೊಂಡರೆ ಆಯಿತು. 7:20ರ ಮೈಲಿಯವರು ಪ್ರತಿ ಸಲ 600 ಮೀಟರ್ ಮುಟ್ಟಿದರೆ ಸಾಕು. ಇದು ಮೈಲಿಯ ವೇಗಕ್ಕಿಂತ ಕಡಿಮೆ, ಸುಮಾರು ಐದು ಕಿಲೋಮೀಟರ್ ಸ್ಪರ್ಧೆಯ ವೇಗ. ಒಂದೇ ನಿಮಿಷದ ಬಿಡುವಿನಲ್ಲಿ ಹೃದಯ ಪೂರ್ತಿ ಇಳಿಯುವುದಿಲ್ಲ, ಮುಂದಿನ ಓಟ ಅರ್ಧ ದಣಿವಿನಲ್ಲೇ ಶುರುವಾಗುತ್ತದೆ. ಮೂರನೇ ಸುತ್ತಿನಲ್ಲೂ ಮೂರನೇ ರೌಂಡಿನಲ್ಲೂ ಇರುವ ಸ್ಥಿತಿ ಅದೇ. ಮೊದಲ ವಾರ ನಾಲ್ಕು ಸಲ ಸಾಕು. 600 ಮೀಟರಿಗೆ ಒಂದು ಗುರುತಿಟ್ಟು, ಐದನೆಯ ಸಲವೂ ಅಲ್ಲಿಗೇ ತಲುಪಿದರೆ ಮುಂದಿನ ವಾರ ಗುರುತನ್ನು ಹತ್ತು ಮೀಟರ್ ಮುಂದಿಡಿ. ನಾಲ್ಕನೆಯದರಲ್ಲೇ 570ಕ್ಕೆ ಕುಸಿದರೆ ಮೊದಲನೆಯದನ್ನು ಜೋರಾಗಿ ಓಡಿದ್ದೀರಿ ಎಂದರ್ಥ. ಬಿಡುವಿನ ನಿಮಿಷವನ್ನು ಕುಳಿತು ಕಳೆಯಬೇಡಿ. ನಡೆಯುತ್ತಾ ಉಸಿರನ್ನು ಉದ್ದಕ್ಕೆ ಹೊರಬಿಡುವುದನ್ನು ಇಲ್ಲಿ ಕಲಿತರೆ ರಿಂಗಿನ ಮೂಲೆಯಲ್ಲಿ ಕೂತಾಗ ಅದು ತಾನಾಗಿ ಬರುತ್ತದೆ.

ಕೊರತೆಯೂ ಇದೆ. ಬರೀ ಇದನ್ನೇ ಮಾಡಿದವರಿಗೆ ಕೊನೆಯ 200 ಮೀಟರಿನಲ್ಲಿ ಕಾಲು ಚುರುಕಾಗುವುದಿಲ್ಲ. ಮತ್ತೆ, ಸ್ಪಾರಿಂಗ್‌ನ ಮುನ್ನಾದಿನ ಇದನ್ನು ಇಟ್ಟುಕೊಂಡರೆ ಮರುದಿನ ಕಾಲ್ಗೆಲಸ ಹಾಳು, ಮುಖ ಕಾಯುವ ಕೈಗಳ ಗಾರ್ಡ್ ಇಳಿಯುತ್ತದೆ, ಏಟು ತಿನ್ನುವುದು ಹೆಚ್ಚುತ್ತದೆ. ಅಂಥ ದಿನಗಳಿಗೆ 20 ನಿಮಿಷದ ಟೆಂಪೋ ಓಟವೇ ವಾಸಿ: ಬಿಡುವಿಲ್ಲದೆ, ಮೂರು ನಾಲ್ಕು ಪದವಷ್ಟೇ ಆಡಬಲ್ಲ ವೇಗದಲ್ಲಿ. ಮೇಲಿನ ಓಟಗಾರರಿಗೆ ಅದು ಕಿಲೋಮೀಟರಿಗೆ 5:20ರ ಆಸುಪಾಸು. ಮೂರು ನಿಮಿಷದ ಅಭ್ಯಾಸದಷ್ಟು ಹರಿತವಲ್ಲ, ಆದರೆ ಕಾಲನ್ನು ಅಷ್ಟು ಹಿಂಡುವುದೂ ಇಲ್ಲ.

ದಿಣ್ಣೆ ಹತ್ತುವ ಓಟವನ್ನು ಈ ಸಾಲಿಗೆ ಪೈಪೋಟಿಯಾಗಿ ಸೇರಿಸುವುದು ಸರಿಯಲ್ಲ. ಎಂಟು ಹತ್ತು ಸೆಕೆಂಡಿನ ಆರು ಏರು ಓಟ, ಪ್ರತಿಯೊಂದರ ನಡುವೆ ಎರಡು ನಿಮಿಷ ಇಳಿನಡಿಗೆ. ಇದು ದಮ್ಮಿಗಲ್ಲ, ಕಾಲಿನ ಬಲಕ್ಕೆ. ಭಾರೀ ತೂಕದವರಿಗೆ ಸಮತಟ್ಟು ನೆಲದ ಸ್ಪ್ರಿಂಟ್‌ಗಿಂತ ಇದು ಸುರಕ್ಷಿತ: ಏರಿನಲ್ಲಿ ಪಾದ ಬೀಳುವ ಹೊಡೆತ ಕಡಿಮೆ, ತೊಡೆಯ ಹಿಂಭಾಗ ಅಷ್ಟು ಎಳೆಯುವುದಿಲ್ಲ. ಹೊರೆ ಬೀಳುವುದು ಮೀನಖಂಡಕ್ಕೆ. ಅಂದೇ ಹದಿನೈದು ನಿಮಿಷ ರೋಪ್ ಹಾರಿದರೆ ಹಿಮ್ಮಡಿಯ ಮೇಲೆ ನೋವು ಶುರುವಾದೀತು.

ವಾರದಲ್ಲಿ ಇವನ್ನು ಹೊಂದಿಸುವಾಗ ಬಿಗಿ ಓಟಗಳು ಎರಡನ್ನು ಮೀರದಿರಲಿ. ದಮ್ಮು ಸಾಲದವರು ಒಂದು ದಿನ ಮೂರು ನಿಮಿಷದ್ದು, ಇನ್ನೊಂದು ದಿನ ಟೆಂಪೋ. ವೇಗ ಸಾಲದವರು ಟೆಂಪೋ ಜಾಗದಲ್ಲಿ ನಾನೂರು. ನಿಧಾನದ ಓಟ ಇಬ್ಬರಿಗೂ ಎರಡು ದಿನ. ಮೂರು ನಿಮಿಷದ್ದನ್ನೂ ನಾನೂರನ್ನೂ ಬ್ಯಾಗ್ ಅಥವಾ ತರಬೇತುದಾರರ ಕೈಯ ಮೆತ್ತೆಗೆ ಗುದ್ದುವ ಮಿಟ್ಸ್ ಅಭ್ಯಾಸದ ದಿನವೇ ಬೆಳಿಗ್ಗೆ ಮುಗಿಸಿ, ಸಂಜೆಯ ಅಭ್ಯಾಸಕ್ಕೆ ಆರು ಗಂಟೆಯಾದರೂ ಅಂತರ ಬಿಡುವುದು ಒಳ್ಳೆಯದು. ಹಾಗೆ ಮಾಡಿದರೆ ಹಗುರದ ದಿನ ನಿಜಕ್ಕೂ ಹಗುರವಾಗುತ್ತದೆ. ಮೊಣಕಾಲ ಕೆಳಗೆ, ಮೂಳೆಯ ಉದ್ದಕ್ಕೂ ನೋವು ಕಂಡರೆ ಮೊದಲು ಕಡಿಮೆ ಮಾಡಬೇಕಾದ್ದು ಓಟದ ದೂರವನ್ನೂ ರೋಪಿನ ಹೊತ್ತನ್ನೂ ಒಟ್ಟಿಗೆ. ಒಂದನ್ನು ಇಳಿಸಿ ಇನ್ನೊಂದನ್ನು ಏರಿಸುವುದರಿಂದ ಏನೂ ಆಗದು. ಬಾಕ್ಸಿಂಗ್ ಬೂಟಿನ ಅಟ್ಟೆ ತೆಳು, ಅದರಲ್ಲಿ ಓಡಬೇಡಿ.

ಬಾಕ್ಸರ್‌ಗಳಿಗೇ ಅಂಟಿದ ಇನ್ನೊಂದು ಚಾಳಿ: ಓಡುವಾಗಲೂ ಮುಷ್ಟಿ ಬಿಗಿ, ಭುಜ ಕಿವಿಯ ಹತ್ತಿರ, ನಡುನಡುವೆ ಗಾಳಿಗೆ ಎರಡು ಜ್ಯಾಬ್. ನೋಡಲು ಚೆಂದ, ಆದರೆ ಹೆಜ್ಜೆಯ ಲಯ ಮುರಿಯುತ್ತದೆ. ಸಮಯ ಅಳೆಯುವ ದಿನ ಕೈ ಸೊಂಟದ ಮಟ್ಟದಲ್ಲಿ ಸಡಿಲವಾಗಿ ಆಡಲಿ.

ಮರುಪರೀಕ್ಷೆ ನಾಲ್ಕು ವಾರಕ್ಕೊಮ್ಮೆ ಸಾಕು. ಹಿಂದಿನ ದಿನ ಸ್ಪಾರಿಂಗ್ ಬೇಡ. ಮೈ ಬಿಸಿಯಾದ ಮೇಲೆ 20 ಸೆಕೆಂಡಿನ ನಾಲ್ಕು ಚುರುಕು ಓಟ ಓಡಿ, ಎರಡು ಮೂರು ನಿಮಿಷ ಸುಧಾರಿಸಿಕೊಂಡು ಶುರುಮಾಡಿ. ಟ್ರೆಡ್‌ಮಿಲ್ ಆದರೆ ಏರು 1 ಪರ್ಸೆಂಟ್ ಇಡಿ, ಆದರೆ ಆ ಸಮಯವನ್ನು ಟ್ರ್ಯಾಕಿನ ಸಮಯದ ಪಕ್ಕದಲ್ಲಿ ಬರೆಯಬೇಡಿ. ಒಟ್ಟು ಸಮಯ ನಾಲ್ಕೇ ಸೆಕೆಂಡ್ ಇಳಿದು ಮೂರನೇ ಸುತ್ತು 118ರಿಂದ 110ಕ್ಕೆ ಬಂದಿದ್ದರೆ ಅಭ್ಯಾಸ ಬದಲಿಸಬೇಡಿ, ಇನ್ನು ನಾಲ್ಕು ವಾರ ಅದನ್ನೇ ಮುಂದುವರಿಸಿ.