ಗೆರೆ ಎಳೆದ ಸಾಲು ಮತ್ತೆ ಕೈಗೆ ಸಿಗಬೇಕು: ಹೈಪಾಥಿಸಿಸ್ ಬಗ್ಗೆ ಒಬ್ಬ ಇತಿಹಾಸ ಮೇಷ್ಟರ ವಿಮರ್ಶೆ

ವೆಬ್ ಪುಟ ಓದುತ್ತಾ ಬೇಕಾದ ಸಾಲಿಗೆ ಹಳದಿ ಬಳಿದು ಇಟ್ಟುಕೊಳ್ಳುವ ಹೈಲೈಟ್ ಸಾಧನಗಳು ಹತ್ತಾರಿವೆ. ನಾನು ವರ್ಷಗಳಿಂದ ನೆಚ್ಚಿಕೊಂಡಿರುವುದು ಹೈಪಾಥಿಸಿಸ್. ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ನನ್ನ ಓದಿಗೂ ಇದೇ, ಮಕ್ಕಳ ಜತೆ ಕೂತು ಓದುವುದಕ್ಕೂ ಇದೇ. ಕನ್ನಡ ಪುಟಗಳಲ್ಲಿ ಇದು ಹೇಗೆ ನಡೆದುಕೊಳ್ಳುತ್ತದೆ ಅಂತ ಯಾರಾದರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ, ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

2011ರಲ್ಲಿ ಲಾಭದ ಉದ್ದೇಶವಿಲ್ಲದ ಸಂಸ್ಥೆಯಾಗಿ ಶುರುವಾದದ್ದು ಇದು. ಒಬ್ಬೊಬ್ಬರೇ ಬಳಸುವುದಕ್ಕೆ ದುಡ್ಡಿಲ್ಲ. ಕ್ರೋಮ್‌ಗೆ ಎಕ್ಸ್‌ಟೆನ್ಶನ್ ಇದೆ, ಬೇರೆ ಬ್ರೌಸರ್‌ನವರು ಬುಕ್‌ಮಾರ್ಕ್‌ಲೆಟ್ (ಬುಕ್‌ಮಾರ್ಕ್ ಥರ ಉಳಿಸಿಟ್ಟು ಬೇಕಾದಾಗ ಒತ್ತುವ ಪುಟ್ಟ ಕೊಂಡಿ) ಹಾಕಿಕೊಳ್ಳಬಹುದು. ಸಾಲನ್ನು ಆಯ್ದರೆ ಎರಡು ಗುಂಡಿ ಬರುತ್ತವೆ: ಬರೀ ಹೈಲೈಟ್ ಮಾಡುವುದು ಒಂದು, ಟಿಪ್ಪಣಿ ಬರೆಯುವುದು ಇನ್ನೊಂದು. ಬಣ್ಣಗಳ ಆಯ್ಕೆ ಇಲ್ಲ, ಹಳದಿ ಒಂದೇ. ಬಣ್ಣಕ್ಕೊಂದು ಅರ್ಥ ಇಟ್ಟುಕೊಂಡು ಓದುವವರಿಗೆ ಡೀಗೋ ಥರದ್ದು ಒಗ್ಗೀತು. ನನಗೆ ಟ್ಯಾಗ್ ಸಾಕು.

ನಾನು ಇದಕ್ಕೆ ಅಂಟಿಕೊಂಡಿರುವ ಮುಖ್ಯ ಕಾರಣ, ಇದು ಪುಟದ ವಿಳಾಸದ ಜತೆಗೆ ಸಾಲನ್ನೂ ಕಾಪಾಡುತ್ತದೆ. ನೀವು ಗೆರೆ ಎಳೆದ ಪದಗಳು, ಅವುಗಳ ಹಿಂದಿನ ಒಂದಿಷ್ಟು ಅಕ್ಷರ, ಮುಂದಿನ ಒಂದಿಷ್ಟು ಅಕ್ಷರ, ಮೂರನ್ನೂ ಬರೆದಿಟ್ಟುಕೊಳ್ಳುತ್ತದೆ. ಮುಂದೆ ಪುಟದ ವಿನ್ಯಾಸ ಬದಲಾಗಿ ಪ್ಯಾರಾ ಮೇಲೆ ಕೆಳಗೆ ಆದರೂ ಆ ಪದಗಳನ್ನು ಹುಡುಕಿ ಹಳದಿಯನ್ನು ಅಲ್ಲಿಗೇ ತಂದು ಕೂರಿಸುತ್ತದೆ. ಸಾಲೇ ಅಳಿಸಿ ಹೋಗಿದ್ದರೆ ಟಿಪ್ಪಣಿಯನ್ನು 'ಆರ್ಫನ್ಸ್' ಅನ್ನುವ ಟ್ಯಾಬ್‌ಗೆ ಸರಿಸುತ್ತದೆ, ಮೂಲ ಸಾಲು ಅದರ ತಲೆಯ ಮೇಲೆ ಹಾಗೇ ಉಳಿದಿರುತ್ತದೆ. ಹೀಗೆ ಬರೆದಿಡುವ ಕ್ರಮಕ್ಕೆ 2017ರಲ್ಲಿ ವೆಬ್‌ನ ಶಿಷ್ಟತೆಗಳನ್ನು ರೂಪಿಸುವ ಸಂಸ್ಥೆಯಾದ ಡಬ್ಲ್ಯೂತ್ರೀಸಿ ಒಂದು ಶಿಷ್ಟತೆಯನ್ನೂ ಹೊರಡಿಸಿತು.

ತರಗತಿಯಲ್ಲಿ ಇದರ ನಿಜವಾದ ಬೆಲೆ ತಿಳಿದದ್ದು ಹಲ್ಮಿಡಿ ಶಾಸನ ಓದುವಾಗ. ಕನ್ನಡ ವಿಕಿಪೀಡಿಯಾದ ಪುಟ ತೆರೆದು, ಮಕ್ಕಳಿಗೆಂದೇ ಮಾಡಿದ ಖಾಸಗಿ ಗುಂಪಿನಲ್ಲಿ ಎಲ್ಲರೂ ಟಿಪ್ಪಣಿ ಹಾಕುತ್ತಾ ಹೋದೆವು. ಶಾಸನದ ಕಾಲ ಕ್ರಿ.ಶ. 450ರ ಸುಮಾರು ಅನ್ನುವ ಕಡೆ ಒಬ್ಬ ಹುಡುಗಿ ಹಳದಿ ಬಳಿದು ಕೇಳಿದಳು: "ಸಾರ್, ಶಾಸನದಲ್ಲಿ ಇಸವಿಯೇ ಇಲ್ಲವಲ್ಲ, ಇದು ಹೇಗೆ ಗೊತ್ತಾಯ್ತು?" ಅದರ ಕೆಳಗೆ ಇನ್ನೊಬ್ಬ ಲಿಪಿಯ ರೂಪದಿಂದ ಅಂದಾಜು ಮಾಡುತ್ತಾರೆ ಅಂತ ಬರೆದ. ಮತ್ತೊಬ್ಬಳು ಶಾಸನದ ಪಾಠದಲ್ಲೇ ಬರುವ ಕದಂಬ ಕಕುಸ್ಥನ ಹೆಸರಿಗೆ ಗೆರೆ ಎಳೆದು, ಇದೂ ಒಂದು ಆಧಾರ ಅಂದಳು. ನಾನು ಕೊನೆಗೆ 1936ರಲ್ಲಿ ಪುರಾತತ್ವಜ್ಞ ಎಂ. ಎಚ್. ಕೃಷ್ಣ ಅವರು ಇದನ್ನು ಬೆಳಕಿಗೆ ತಂದ ವಿಷಯ ಸೇರಿಸಿದೆ. ಇಡೀ ವಾದ ಆ ಒಂದು ಸಂಖ್ಯೆಯ ಪಕ್ಕದಲ್ಲೇ ಬೆಳೆಯಿತು. ವಾಟ್ಸಾಪ್ ಗುಂಪಿನಲ್ಲಿ ಇದೇ ಚರ್ಚೆ ಆಗಿದ್ದರೆ ಸಂಜೆಯೊಳಗೆ ಶುಭಾಶಯಗಳ ಅಡಿಯಲ್ಲಿ ಮುಚ್ಚಿಹೋಗುತ್ತಿತ್ತು. ಇಲ್ಲಿ ಮುಂದಿನ ವರ್ಷದ ಮಕ್ಕಳು ಅದೇ ಗುಂಪಿಗೆ ಬಂದರೆ ಅದೇ ಸಾಲಿನ ಪಕ್ಕ ಅದೇ ಪ್ರಶ್ನೆ ಕಾಣುತ್ತದೆ, ಅವರು ಅಲ್ಲಿಂದ ಮುಂದಕ್ಕೆ ಹೋಗಬಹುದು. ಮೇಷ್ಟರಾದವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ.

ವಿಕಿಪೀಡಿಯಾ ಬಳಸುವವರು ಒಂದು ಎಚ್ಚರ ಇಟ್ಟುಕೊಳ್ಳಿ. ಅಲ್ಲಿನ ವಾಕ್ಯಗಳು ದಿನವೂ ತಿದ್ದುಪಡಿಯಾಗುತ್ತಿರುತ್ತವೆ. ಪುಟದ ಇತಿಹಾಸಕ್ಕೆ ಹೋಗಿ, ಓದುತ್ತಿರುವ ಆವೃತ್ತಿಯ ಶಾಶ್ವತ ಕೊಂಡಿ ತೆಗೆದುಕೊಂಡು ಅದರಲ್ಲೇ ಗೆರೆ ಎಳೆಯುವುದು ಒಳ್ಳೆಯದು. ಪತ್ರಿಕೆಗಳ ವೆಬ್‌ಸೈಟಾದರೆ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಪುಟದ ಪ್ರತಿ ಉಳಿಸಿ, ಆ ಕೊಂಡಿಯನ್ನು ಟಿಪ್ಪಣಿಯಲ್ಲಿ ಅಂಟಿಸುತ್ತೇನೆ.

ಇನ್ನು ಕನ್ನಡದ ತೊಡಕುಗಳು. ಯುನಿಕೋಡ್ (ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತ) ಪುಟವಾದರೆ ಒತ್ತಕ್ಷರವೂ ಸರಿ, ದೀರ್ಘವೂ ಸರಿ, ಏನೂ ಕಾಟವಿಲ್ಲ. ತೊಂದರೆ ಇರುವುದು ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪಿಡಿಎಫ್‌ಗಳಲ್ಲಿ. ಆದೇಶಗಳು, ಸ್ಮರಣ ಸಂಚಿಕೆಗಳು, ವಿಚಾರ ಸಂಕಿರಣದ ಪ್ರಬಂಧಗಳು, ನಮ್ಮ ಕ್ಷೇತ್ರದಲ್ಲಿ ಎಷ್ಟೋ ಇಂಥವೇ. ಕಣ್ಣಿಗೆ ಚೆಂದದ ಕನ್ನಡ ಕಾಣುತ್ತದೆ, ಹಳದಿಯೂ ಸರಿಯಾಗಿ ಕೂರುತ್ತದೆ, ಆದರೆ ಉಳಿಸಿಟ್ಟ ಸಾಲನ್ನು ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಅದನ್ನು ಮುಂದೆ ಹುಡುಕಿ ತೆಗೆಯಲಾಗದು. ಇಂಥ ಕಡೆ ಮುಖ್ಯ ವಾಕ್ಯವನ್ನು ಯುನಿಕೋಡ್ ಪರಿವರ್ತಕಕ್ಕೆ ಹಾಕಿ ಟಿಪ್ಪಣಿಯಲ್ಲಿ ಸೇರಿಸಲೇಬೇಕು. ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕಗಳಲ್ಲಿ ಚಿತ್ರದ ಹಿಂದೆ ಓಸಿಆರ್ ಪಠ್ಯ (ಚಿತ್ರದಿಂದ ಕಂಪ್ಯೂಟರ್ ಗುರುತಿಸಿದ ಅಕ್ಷರಗಳು) ಇಲ್ಲದಿದ್ದರೆ ಗೆರೆ ಎಳೆಯುವುದಕ್ಕೇ ಆಗುವುದಿಲ್ಲ.

ಹುಡುಕಾಟದಲ್ಲೂ ನಮ್ಮ ಭಾಷೆಗೆ ತಕ್ಕ ಉಪಾಯ ಬೇಕು. ಕೆರೆ, ಕೆರೆಯ, ಕೆರೆಗಳಲ್ಲಿ ಅಂತ ಪದ ರೂಪ ಬದಲಿಸುತ್ತಲೇ ಇರುತ್ತದೆ. ಅದಕ್ಕೇ ಪ್ರತಿ ಟಿಪ್ಪಣಿಗೂ ಮೂಲರೂಪದ ಟ್ಯಾಗ್ ಹಾಕುವುದು ನನ್ನ ನಿಯಮ: ಕೆರೆ, ದತ್ತಿ, ವೀರಗಲ್ಲು. ಮಕ್ಕಳಿಗೂ ಮೊದಲ ದಿನವೇ ಟ್ಯಾಗ್‌ಗಳ ಪಟ್ಟಿ ಕೊಡುತ್ತೇನೆ, ಇಲ್ಲದಿದ್ದರೆ ಒಬ್ಬರು ವೀರಗಲ್ಲು, ಇನ್ನೊಬ್ಬರು ವೀರಗಲ್ಲುಗಳು ಅಂತ ಹಾಕಿ ಎರಡು ರಾಶಿಯಾಗುತ್ತದೆ.

ಫೋನ್ ವಿಷಯದಲ್ಲಿ ಮಾತ್ರ ಇದು ನಮ್ಮ ಮಕ್ಕಳ ಕೈಗೆಟುಕುವುದಿಲ್ಲ. ಇದಕ್ಕೆ ಮೊಬೈಲ್ ಆ್ಯಪ್ ಇಲ್ಲ. 'ವಯಾ' ಎಂಬ ಸೇವೆಯ ಮೂಲಕ ಪುಟ ತೆರೆದರೆ ಫೋನಿನಲ್ಲೂ ನೋಡಬಹುದು, ಆದರೆ ಸಣ್ಣ ಪರದೆಯಲ್ಲಿ ಪಕ್ಕದ ಪಟ್ಟಿ ಬಿಚ್ಚಿ ಟಿಪ್ಪಣಿ ಬರೆಯುವುದು ಹಿಂಸೆ. ಮನೆಯಲ್ಲಿ ಲ್ಯಾಪ್‌ಟಾಪ್ ಇರುವ ಮಕ್ಕಳು ಕಡಿಮೆ. ಹಾಗಾಗಿ ಬರೆಯುವ ಕೆಲಸವೆಲ್ಲ ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ. ಮನೆಗೆ ಕಳಿಸಬೇಕಾದಾಗ ಬ್ರೌಸರ್‌ನಲ್ಲೇ ಇರುವ 'ಹೈಲೈಟ್‌ಗೆ ಲಿಂಕ್' ಸೌಲಭ್ಯ ಬಳಸುತ್ತೇನೆ. ಖಾತೆ ಬೇಡ, ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ; ಲಿಂಕ್ ಒತ್ತಿದರೆ ಪುಟ ತೆರೆದು ನೇರ ಆ ಸಾಲಿಗೇ ಹೋಗುತ್ತದೆ. ಕ್ರೋಮ್‌ನಲ್ಲಿ ಮೊದಲು ಬಂತು, ಈಗ ಸಫಾರಿ, ಫೈರ್‌ಫಾಕ್ಸ್ ಕೂಡ ಇಂಥ ಲಿಂಕ್ ತೆರೆಯುತ್ತವೆ. ಕನ್ನಡದಲ್ಲಿ ಮಾತ್ರ ಲಿಂಕ್ ಮಾರುದ್ದ. ಒಂದೊಂದು ಯುನಿಕೋಡ್ ಸಂಕೇತವೂ ವಿಳಾಸದಲ್ಲಿ 9 ಅಕ್ಷರಗಳಾಗಿ ಹಿಗ್ಗುತ್ತದೆ, 'ಕನ್ನಡ' ಅನ್ನುವ ಪದವೊಂದೇ 45 ಅಕ್ಷರ. ಲಿಂಕ್ ನೋಡಿ ಹೆದರಿ ಒತ್ತದೆ ಬಿಡುವವರಿದ್ದಾರೆ, ಆದ್ದರಿಂದ ಮೇಲೆ ಒಂದು ಸಾಲಿನ ವಿವರಣೆ ಬರೆದೇ ಕಳಿಸಬೇಕು. ಪುಟದ ಆ ಸಾಲು ಬದಲಾದರೆ ಈ ಲಿಂಕ್ ಸುಮ್ಮನೆ ಪುಟದ ಆರಂಭಕ್ಕೆ ಒಯ್ಯುತ್ತದೆ. ಹಂಚುವುದಕ್ಕೆ ಇದು ಚೆನ್ನ, ಕೂಡಿಡುವುದಕ್ಕೆ ಹೈಪಾಥಿಸಿಸೇ ಬೇಕು.

ಗೋಪ್ಯತೆಯ ಮಾತು ಪೋಷಕರು, ಶಿಕ್ಷಕರು ಗಮನಿಸಬೇಕಾದದ್ದು. ಬರೀ ಹೈಲೈಟ್ ನಿಮಗೆ ಮಾತ್ರ ಕಾಣುತ್ತದೆ. ಟಿಪ್ಪಣಿ ಹಾಗಲ್ಲ, 'ಪಬ್ಲಿಕ್' ಅಂತ ಇದ್ದಾಗ ಬರೆದರೆ ಜಗತ್ತಿಗೆಲ್ಲ ಕಾಣುತ್ತದೆ. ಮಕ್ಕಳ ಕೈಲಿ ಖಾತೆ ತೆರೆಸುವಾಗ ಪೂರ್ತಿ ಹೆಸರು ಹಾಕಿಸಬೇಡಿ, ಬರೆಯುವ ಮೊದಲು ಗುಂಪಿನ ಹೆಸರು ನೋಡುವುದನ್ನು ರೂಢಿ ಮಾಡಿಸಿ. ಗುಂಪಿನ ಆಹ್ವಾನದ ಲಿಂಕ್ ಸಿಕ್ಕ ಯಾರು ಬೇಕಾದರೂ ಒಳಗೆ ಬರಬಹುದು ಅನ್ನುವುದೂ ನೆನಪಿರಲಿ.

ಇಂಥ ಸೇವೆಗಳು ಮುಚ್ಚುವುದು ಹೊಸದಲ್ಲ. ವೆಬ್ ಬರಹ ಉಳಿಸಿಟ್ಟು ಆಮೇಲೆ ಓದುವ ಸೇವೆಗಳಲ್ಲಿ ಓಮ್ನಿವೋರ್ 2024ರ ನವೆಂಬರ್‌ನಲ್ಲಿ ನಿಂತಿತು, ಪಾಕೆಟ್ 2025ರ ಜುಲೈ 8ರಂದು. ಹೈಪಾಥಿಸಿಸ್‌ನಲ್ಲಿ ಪುಟದ ಟಿಪ್ಪಣಿಗಳನ್ನು ಜೆಸನ್ (ಪ್ರೋಗ್ರಾಮುಗಳು ಓದುವ ಮಾಹಿತಿ ಕಡತ) ಆಗಿಯೋ ಸಾದಾ ಪಠ್ಯವಾಗಿಯೋ ಇಳಿಸಿಕೊಳ್ಳಬಹುದು, ಆದರೆ ಪುಟಪುಟಕ್ಕೂ ಬೇರೆ ಬೇರೆ ಮಾಡಬೇಕು. ಎಲ್ಲವನ್ನೂ ಒಟ್ಟಿಗೆ ಬೇಕೆಂದರೆ ಎಪಿಐ (ಪ್ರೋಗ್ರಾಮ್ ಬರೆದು ಮಾಹಿತಿ ತೆಗೆಯುವ ದಾರಿ) ಗೊತ್ತಿರುವವರ ನೆರವು ಬೇಕು. ಪ್ರತಿ ಟರ್ಮ್ ಮುಗಿದಾಗ ನಾನು ಮುಖ್ಯ ಪುಟಗಳದ್ದನ್ನು ಇಳಿಸಿ ಇಡುತ್ತೇನೆ. ಶುರು ಮಾಡುವವರು ಮೊದಲು ಒಂದೇ ಗುಂಪು, ಐದಾರು ಟ್ಯಾಗ್, ಒಂದೇ ಯುನಿಕೋಡ್ ಪುಟ ಇಟ್ಟುಕೊಂಡು ನೋಡಿ. ಪಿಡಿಎಫ್‌ಗಳಿಗೆ ಕೈ ಹಾಕುವುದು ಆಮೇಲೆ.